ಒಳ್ಳೆಯ ಪ್ರಶ್ನೆ

ನಾಲ್ಕು ಜನರ ಮುಂದೆ ನಿಂತು ಇಂಗ್ಲಿಷಿನಲ್ಲಿ ಮಾತಾಡುವುದು ಹೇಗೆ ಎಂದು ಕಲಿಸುವುದೇ ಅವಳ ಕಸುಬು. ಬ್ಯಾಂಕಿನವರು, ಔಷಧಿ ಕಂಪನಿಯವರು, ಮೈಕು ಕಂಡರೆ ಬೆವರುವ ದೊಡ್ಡ ದೊಡ್ಡ ಮ್ಯಾನೇಜರುಗಳು, ಎಲ್ಲರೂ ಅವಳ ಕೈಯಲ್ಲಿ ಪಳಗಿದವರೇ. ಅಂಥವಳ ಒಡಹುಟ್ಟಿದ ಅಣ್ಣ ಛತ್ರಿ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ವಿಭಾಗದ ಮುಖ್ಯಸ್ಥ, ಅವನ ಇಂಗ್ಲಿಷೋ ದೇವರಿಗೇ ಪ್ರೀತಿ. ದೀಪದ ಬುಡದಲ್ಲಿ ಕತ್ತಲೆ ಎಂದು ಜನ ಸುಮ್ಮನೆ ಹೇಳುವುದಿಲ್ಲ.

ಹೊರದೇಶದಿಂದ ಛತ್ರಿ ಕೊಳ್ಳುವವರು ಬರಲಿದ್ದರು. ಅವರೆದುರು ಇವನೇ ಪ್ರೆಸೆಂಟೇಷನ್ ಕೊಡಬೇಕು, ಚೆನ್ನಾಗಿ ಕೊಟ್ಟರೆ ರಫ್ತು ವಿಭಾಗ ಇವನದು ಎಂದು ಕಾರ್ಖಾನೆಯ ಯಜಮಾನರು ಹೇಳಿಬಿಟ್ಟಿದ್ದರು. ಅಣ್ಣ ಅಷ್ಟಕ್ಕೇ ಸುಮ್ಮನಿರಲಿಲ್ಲ. ತಂಗಿಯ ವಿಸಿಟಿಂಗ್ ಕಾರ್ಡನ್ನು ಅವರ ಮೇಜಿನ ಮೇಲಿಟ್ಟು, ನಮ್ಮವರಿಗೆಲ್ಲ ಇವರಿಂದ ಪಾಠ ಹೇಳಿಸಬಹುದು ಎಂದಿದ್ದ. ಕಾರ್ಡಿನಲ್ಲಿದ್ದದ್ದು ಅವಳ ಗಂಡನ ಮನೆಯ ಹೆಸರು, ಹಾಗಾಗಿ ಯಾರಿಗೂ ಸಂಬಂಧ ಹೊಳೆಯಲಿಲ್ಲ. ಒಮ್ಮೆ ಬಂದು ನಮ್ಮವರ ಮಟ್ಟ ನೋಡಿ, ಆಮೇಲೆ ಮಾತಾಡೋಣ ಎಂದು ಯಜಮಾನರು ಅವಳನ್ನೂ ಅದೇ ಮೀಟಿಂಗಿಗೆ ಕರೆದರು.

"ನಾನು ನಿನ್ನ ತಂಗಿ ಅಂತ ಅಲ್ಲಿ ಬಾಯಿ ಬಿಡಬೇಡ," ಎಂದಳು ಅವಳು. "ಶಿಫಾರಸು ಅಂದ್ಕೋತಾರೆ."

"ಆಯ್ತು ಬಿಡಮ್ಮ. ನೀನ್ಯಾರೋ, ನಾನ್ಯಾರೋ," ಎಂದು ಅಣ್ಣ ನಕ್ಕ.

ಶಿಫಾರಸು ಬರೀ ನೆಪ. ಊರಿಗೆಲ್ಲ ಇಂಗ್ಲಿಷು ಹೇಳಿಕೊಡುವವಳ ಅಣ್ಣ ಇವನೇನಾ ಎಂದು ಜನ ಆಡಿಕೊಂಡಾರು ಎಂಬ ನಾಚಿಕೆ ಅವಳಿಗೆ. ಅಣ್ಣನಿಗೆ ಅದು ಗೊತ್ತಿತ್ತೋ ಇಲ್ಲವೋ.

ಅಣ್ಣನ ಮನೆಯ ಊಟದ ಮೇಜಿನ ಪಕ್ಕವೇ ಅಭ್ಯಾಸ ನಡೆಯಿತು. ಭಾಷಣ ಪೂರ್ತಿ ಅವಳೇ ಬರೆದಳು. ಅವನು ತನ್ನದೊಂದು ಮಾತು ಸೇರಿಸಲು ಹೋದರೆ ಹೊಡೆದುಹಾಕಿದಳು. ಗಿಣಿಪಾಠ ಎಂದರೆ ಗಿಣಿಪಾಠ. ನಡುವೆ ಯಾರಾದರೂ ಪ್ರಶ್ನೆ ಕೇಳಿದರೆ ಗತಿಯೇನು ಎಂಬುದೊಂದೇ ಅವನ ಹೆದರಿಕೆ. ಅದಕ್ಕೂ ಅವಳ ಬಳಿ ಮ್ಯಾನೇಜರುಗಳಿಗೆ ಕೊಟ್ಟು ಸವೆದ ಮದ್ದಿತ್ತು.

"ಯೋಚನೆ ಮಾಡ್ತಾ ನಿಲ್ಲಬೇಡ. ವೆರಿ ಗುಡ್ ಕ್ವೆಶ್ಚನ್, ಕೊನೇಲಿ ಉತ್ತರ ಕೊಡ್ತೀನಿ ಅಂತ ಇಂಗ್ಲಿಷಲ್ಲಿ ಹೇಳಿ ಮುಂದಕ್ಕೆ ಹೋಗು. ಕೊನೇಲಿ ನಿಮ್ಮ ಯಜಮಾನರು ನೋಡ್ಕೋತಾರೆ."

"ಏನು ಕೇಳಿದ್ರೂ ಅದೇನಾ?"

"ಏನು ಕೇಳಿದ್ರೂ ಅದೇ. ತಲೆ ಓಡಿಸೋಕೆ ಹೋಗಬೇಡ."

ಅಷ್ಟರಲ್ಲಿ ಅತ್ತಿಗೆ ಅಡುಗೆಮನೆಯಿಂದ, "ರೀ, ಊಟಕ್ಕೆ ಬಡಿಸ್ಲಾ?" ಎಂದು ಕೂಗಿದಳು.

"ವೆರಿ ಗುಡ್ ಕ್ವೆಶ್ಚನ್," ಎಂದ ಅಣ್ಣ.

"ಹಾಗಾದ್ರೆ ಕೊನೇಲೇ ತಿನ್ನಿ," ಎಂದಳು ಅತ್ತಿಗೆ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುವಾಗ ಅವಳ ಮೂಗಿನಿಂದ ಗೊರ್ ಎಂದು ಸದ್ದು ಬರುತ್ತದೆ. ಚಿಕ್ಕಂದಿನಲ್ಲಿ ಆ ಸದ್ದು ಕೇಳುವುದಕ್ಕೆಂದೇ ಅಣ್ಣ ಅವಳನ್ನು ನಗಿಸುತ್ತಿದ್ದ.

ಮೀಟಿಂಗಿನ ದಿನ ಅಣ್ಣ ಇಸ್ತ್ರಿ ಮಾಡಿದ ಅಂಗಿಯಲ್ಲಿ ಗರಿಗರಿಯಾಗಿ ನಿಂತಿದ್ದ. ಅವಳು ಯಜಮಾನರ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಮೊದಲ ಸ್ಲೈಡು ಸಲೀಸಾಗಿ ಹೋಯಿತು, ಎರಡನೆಯದೂ ಹೋಯಿತು. ಆಗ ಬಿಸಿಲು ಕಿಟಕಿಯಿಂದ ನೇರವಾಗಿ ಸ್ಕ್ರೀನಿನ ಮೇಲೆ ಬಿತ್ತು. ಬಂದವರಲ್ಲಿ ಹಿರಿಯಳಾಗಿದ್ದ ಹೆಂಗಸು ಹಣೆಗೆ ಕೈ ಅಡ್ಡ ಹಿಡಿದು, ಏನೂ ಕಾಣುತ್ತಿಲ್ಲ, ಆ ಕರ್ಟನ್ ಸ್ವಲ್ಪ ಎಳೆಯುತ್ತೀರಾ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು.

"ವೆರಿ ಗುಡ್ ಕ್ವೆಶ್ಚನ್," ಎಂದ ಅಣ್ಣ ಗಂಭೀರವಾಗಿ. ಕೊನೆಯಲ್ಲಿ ಉತ್ತರ ಕೊಡುತ್ತೇನೆ ಎಂದೂ ಸೇರಿಸಿದ, ಒಂದು ಅಕ್ಷರವೂ ತಪ್ಪದೆ.

ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಯಾರೋ ಕಿಸಕ್ಕೆಂದರು, ಮೇಜಿನ ಸುತ್ತ ನಗು ಹಬ್ಬಿತು. ಏನೋ ಎಡವಟ್ಟಾಗಿದೆ ಎಂದು ತಿಳಿದು ಅಣ್ಣ ಅವಳತ್ತ ನೋಡಿದ. ಯಜಮಾನರೂ ಅದೇ ಹೊತ್ತಿಗೆ ಅವಳತ್ತ ತಿರುಗಿ, ಹೇಗಿದೆ ನಮ್ಮ ಪಾಡು ಎನ್ನುವಂತೆ ಹುಬ್ಬೇರಿಸಿದರು. ಅವಳು ಎದ್ದು ಕರ್ಟನ್ ಎಳೆದಿದ್ದರೆ ಮುಗಿದುಹೋಗುತ್ತಿತ್ತು. ಅವಳು ಯಜಮಾನರ ಜೊತೆ ನಕ್ಕಳು. ಕೈ ಅಡ್ಡ ಹಿಡಿದರೂ ಗೊರ್ ಎಂಬ ಸದ್ದು ಹೊರಗೆ ಬಂದೇಬಿಟ್ಟಿತು.

ಅಣ್ಣ ಆಮೇಲೆ ಅವಳತ್ತ ನೋಡಲಿಲ್ಲ. ಎಲ್ಲಿ ನಿಲ್ಲಿಸಿದ್ದನೋ ಅದು ಮರೆತುಹೋಗಿ ಮೊದಲಿನಿಂದ ಶುರು ಮಾಡಿದ, ಮತ್ತೆ ತಪ್ಪಿದ, ಹೇಗೋ ದಡ ಸೇರಿದ. ಮುಗಿದ ಮೇಲೆ, ಈಗ ಉತ್ತರ ಎಂದು ಹೇಳಿ ಕಿಟಕಿಯ ತನಕ ನಡೆದುಹೋಗಿ ಕರ್ಟನ್ ಎಳೆದ. ಸ್ಕ್ರೀನಿನ ಮೇಲೆ ಥ್ಯಾಂಕ್ ಯೂ ಎಂಬುದೊಂದೇ ಸ್ಪಷ್ಟವಾಗಿ ಕಾಣಿಸಿತು. ಆಗ ಯಾರೂ ನಗಲಿಲ್ಲ. ಅವಳಿಗೆ ಮಾತ್ರ ಭೂಮಿ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

ಬಂದವರು ಕಾರು ಹತ್ತಿ ಹೋದ ಮೇಲೆ ಯಜಮಾನರು ಸಿಡುಕಿದರು. "ಯಾರಯ್ಯಾ ನಿಂಗೆ ಇದನ್ನ ಹೇಳ್ಕೊಟ್ಟಿದ್ದು?"

ಅವಳು ಬ್ಯಾಗು ತೆರೆದು ಏನನ್ನೋ ಹುಡುಕತೊಡಗಿದಳು.

"ಯಾರೂ ಇಲ್ಲ ಸಾರ್," ಎಂದ ಅಣ್ಣ. "ನಾನೇ ಎಲ್ಲೋ ನೋಡಿ ಕಲ್ತಿದ್ದೆ."

"ರಫ್ತಿನ ಮಾತು ಮರ್ತುಬಿಡು," ಎಂದು ಅವನಿಗೆ ಹೇಳಿ ಯಜಮಾನರು ಅವಳ ಕಡೆ ತಿರುಗಿದರು. "ನೋಡಿದ್ರಲ್ಲ ಮೇಡಂ, ಇಂಥವರನ್ನ ಕಟ್ಕೊಂಡು ಏಗಬೇಕು ನಾನು. ಮುಂದಿನ ವಾರದಿಂದ್ಲೇ ಕ್ಲಾಸ್ ಶುರು ಮಾಡಿ, ವರ್ಷಪೂರ್ತಿ ನಡೀಲಿ. ಮೊದಲ್ನೇ ಹೆಸರು ಇವನದ್ದೇ ಬರ್ಕೊಳ್ಳಿ."

ಹೇಳಿಬಿಡಬೇಕು ಎಂದು ಅವಳು ಬಾಯಿ ತೆರೆದಳು. ನಾಚಿಕೆ ಅಡ್ಡ ಬಂತು. ಅಣ್ಣನ ಬಗ್ಗೆ ಇದ್ದ ನಾಚಿಕೆ ಅದಲ್ಲ, ಅದು ಎಲ್ಲಿ ಹೋಯಿತೋ ತಿಳಿಯದು. ಇದು ಅವಳದೇ, ಮೈ ಸುಡುತ್ತಿತ್ತು. ಆದರೂ ಪೆನ್ನು ಕೈಗೆ ಬಂದಿತ್ತು, ಯಜಮಾನರು ಕಾಯುತ್ತಿದ್ದರು.

"ನಿಮ್ಮ ಹೆಸರು?" ಎಂದು ತಲೆ ಎತ್ತದೆ ಕೇಳಿದಳು.

ಅಣ್ಣ ಮೇಜಿನ ಹತ್ತಿರ ಬಂದು ಕೈಕಟ್ಟಿ ನಿಂತ. ಅವನ ದನಿಯಲ್ಲಿ ಒಂದಿಷ್ಟು ಕುಹಕವಿದ್ದಿದ್ದರೂ ಅವಳು ಬದುಕಿಕೊಳ್ಳುತ್ತಿದ್ದಳು. ಕುಹಕವಿರಲಿಲ್ಲ. ಹೊಸಬರ ಮುಂದೆ ಹೆಸರು ಹೇಳುವಾಗ ಅವಸರ ಮಾಡಬೇಡ ಎಂದು ಅಭ್ಯಾಸದಲ್ಲಿ ಅವಳೇ ಕಲಿಸಿದ್ದಳು, ಹಾಗೆಯೇ ಹೇಳಿದ. ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಬಿಡಿಸಿ ತನ್ನ ಹೆಸರು ಹೇಳಿ, ಆಮೇಲೆ ಅಪ್ಪನ ಹೆಸರು ಹೇಳಿದ. ಅವಳು ಎರಡನ್ನೂ ಬರೆದುಕೊಂಡಳು.

"ಥ್ಯಾಂಕ್ ಯೂ ಮೇಡಂ," ಎಂದ ಅಣ್ಣ.