ಗಾಜಿನ ಮೇಲಿನ ಕೋಳಿಮರಿ

ನಾಲ್ವರು ಶವಪೆಟ್ಟಿಗೆಯ ಹಿಡಿಗಳಿಗೆ ಕೈ ಹಾಕಿ ಇನ್ನೇನು ಎತ್ತಬೇಕು, ಅಷ್ಟರಲ್ಲಿ ಮುದುಕಿ ಪೊಲೋನ್ಯಾ ತನ್ನ ಊರುಗೋಲನ್ನು ಅದರ ಮೇಲೆ ಅಡ್ಡ ಇಟ್ಟಳು.

"ಬಿಡ್ರೋ ಕೈ. ಕೋಳಿಮರಿ ಇನ್ನೂ ಬಂದಿಲ್ಲ."

ಎತ್ತಲು ಬಂದವರು ಇಸಿದ್ರೋನ ಮುಖ ನೋಡಿದರು. ಆ ಊರಿನಲ್ಲಿ ಯಾವ ಕೆಲಸಕ್ಕೂ ಎಲ್ಲರೂ ಮೊದಲು ನೋಡುತ್ತಿದ್ದುದು ಅವನ ಮುಖವನ್ನೇ. ಓಟು ಹಾಕಿ ಆರಿಸಿಕೊಂಡ ಯಜಮಾನ ಅವನು. ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಕಪಿತಾನ್ ಎಂದೇ ಕರೆಯುತ್ತಿದ್ದರು. ಹಂದಿ ಕಳುವಾದರೂ ಅವನೇ ಬೇಕು, ಗಂಡ ಹೆಂಡಿರ ಜಗಳಕ್ಕೂ ಅವನೇ ಬೇಕು. ಇವತ್ತು ಪೆಟ್ಟಿಗೆಯಲ್ಲಿ ಮಲಗಿದ್ದವಳು ಅವನ ಒಡಹುಟ್ಟಿದ ತಂಗಿ ದೆಲ್ಫಿನಾ. ಊರುಗೋಲು ಅಡ್ಡ ಇಟ್ಟವಳು ಅವನ ಹೆತ್ತ ತಾಯಿ.

"ಅಮ್ಮಾ, ಇಗರ್ಜೀಲಿ ಪಾದ್ರಿಗಳು ಕಾಯ್ತಿದ್ದಾರೆ."

"ಕಾಯ್ಲಿ ಬಿಡು. ಅವರಿಗೇನು, ನೆರಳಲ್ಲಿ ಕೂತ್ಕೊಂಡು ಕಾಯ್ತಾರೆ. ಪೆಟ್ಟಿಗೆ ವಿಮಾನದಿಂದ ಇಳಿದಾಗಿಂದ ಬಡ್ಕೋತಾ ಇದೀನಿ, ಒಂದು ಮರಿ ತಗೊಂಡು ಬಾ ಅಂತ. ನಾಳೆ ನಾಳೆ ಅಂದೆ. ಇವತ್ತು ಮಣ್ಣಿಗೆ ಹೋಗೋಳಿಗೆ ಇನ್ಯಾವ ನಾಳೆ ಇದೆ, ಹೇಳು."

ಕೊಲೆಯಾದವರ ಪೆಟ್ಟಿಗೆಯ ಮೇಲೆ ಜೀವಂತ ಕೋಳಿಮರಿಯೊಂದನ್ನು ಬಿಡುವುದು ಹಿಂದಿನಿಂದ ಬಂದದ್ದು. ಸತ್ತವರ ಮುಖ ಕಾಣಲೆಂದು ಹಾಕಿದ ಗಾಜಿನ ಮೇಲೆ ಅಕ್ಕಿಕಾಳು ಚೆಲ್ಲುತ್ತಾರೆ. ಮರಿ ಒಂದೊಂದು ಕಾಳು ಕುಕ್ಕಿದಾಗಲೂ, ಕೊಂದವನು ಎಲ್ಲೇ ಅಡಗಿರಲಿ, ಅವನ ಎದೆಯೊಳಗೆ ಕುಕ್ಕಿದಂತಾಗಬೇಕು. ಜ್ವರ ಬಂದು ಸತ್ತವರಿಗೆ, ಹೊಳೆಗೆ ಬಿದ್ದು ಸತ್ತವರಿಗೆ ಮರಿ ಬಿಡುವುದಿಲ್ಲ. ಬಿಟ್ಟರೆಂದರೆ ಇದು ಕೊಲೆ ಎಂದು ಊರ ಮುಂದೆ ಸಾರಿದ ಹಾಗೆಯೇ.

ದೆಲ್ಫಿನಾಳನ್ನು ಚೀನಾದಲ್ಲಿ ಕೊಂದಿದ್ದರು. ಅಲ್ಲಿನ ವಿಮಾನ ನಿಲ್ದಾಣದಲ್ಲಿ ಅವಳ ಸೂಟ್‌ಕೇಸಿನ ತಳ ಸೀಳಿದಾಗ ಹೆರಾಯಿನ್ ಸಿಕ್ಕಿತ್ತು. ನ್ಯಾಯಾಲಯ ಮರಣದಂಡನೆ ಕೊಟ್ಟಿತು. ಒಂದು ಬೆಳಿಗ್ಗೆ ಸೂಜಿ ಚುಚ್ಚಿ ಮುಗಿಸಿದರು. ಕಾನೂನು ಮಾಡಿದ್ದನ್ನು ಕೊಲೆ ಎನ್ನಬಹುದೇ ಎಂಬುದು ಜಗಲಿಯಲ್ಲಿ ಇಸ್ಪೀಟು ಹಿಡಿದು ಹೆಣ ಕಾದವರಿಗೆ ಇಷ್ಟು ದಿನವೂ ಕಾಫಿಯ ಜೊತೆಗಿನ ಮಾತಾಗಿತ್ತು.

"ಮೈಮೇಲೆ ಒಂದು ಗಾಯ ಇಲ್ಲ. ನಿದ್ದೆ ಮಾಡ್ತಿರೋ ಹಾಗಿದಾಳೆ," ಎಂದ ಜೀಪು ಓಡಿಸುವ ಮೆಲ್ಚೋರ್. "ಮರಿ ಬಿಟ್ರೆ ನೋಡಿದೋರು ಏನಂದ್ಕೋತಾರೆ? ಇಂಥದ್ದು ತಂದ್ರೆ ಸಾವು ಅಂತ ಅಲ್ಲಿ ಆಳೆತ್ತರ ಬರೆದಿರ್ತಾರಂತೆ."

"ತಂದಿದ್ದು ಅವಳು. ತರಿಸಿದೋನು ಇನ್ನೂ ಎಲ್ಲೋ ಕೂತು ಬಿಯರ್ ಕುಡೀತಿದಾನೆ," ಎಂದ ತಾಸ್ಯೋ ಮುದುಕ. ಕೈಯಲ್ಲಿನ ಎಲೆಗಳಿಂದ ಅವನು ಕಣ್ಣೆತ್ತಲಿಲ್ಲ.

"ಅದು ಎಷ್ಟು ಮನೆ ಹುಡುಗರ ನರಕ್ಕೆ ಹೋಗ್ತಿತ್ತು, ಅದನ್ನ ಹೇಳು. ಅವರಿಗೂ ತಾಯಂದಿರು ಇರಲ್ವಾ?"

"ಇರ್ತಾರಪ್ಪ. ಜೈಲಿಗೆ ಹಾಕಲಿ, ಹಲ್ಲುದುರೋ ತನಕ ಹಾಕಲಿ, ಬೇಡ ಅಂದೋರ್ಯಾರು? ಹೋಗಿ ನೋಡ್ಕೊಂಡಾದರೂ ಬರಬಹುದಿತ್ತು." ತಾಸ್ಯೋ ಒಂದು ಎಲೆ ಎಸೆದ. "ನಂಗೇನು ತಿಳಿಯುತ್ತೆ, ಬಿಡು. ಮೊದಲೆಲ್ಲಾ ಈ ಮಾತಿಗೆ ನಮ್ಮ ಕಪಿತಾನರೇ ಚೆನ್ನಾಗಿ ಉತ್ತರ ಹೇಳ್ತಿದ್ರು."

ಒಳಗಿದ್ದ ಇಸಿದ್ರೋಗೆ ಅದು ಕೇಳಿಸಿತು. ಕೇಳಲೆಂದೇ ಆಡಿದ ಮಾತು ಅದು. ಮಾರುವವರು, ಸಾಗಿಸುವವರು ಬದುಕಿರಬಾರದು ಎಂದು ಅವನು ಸಭೆಗಳಲ್ಲಿ ಮೇಜು ಕುಟ್ಟಿ ಹೇಳಿದ್ದ. ಚಪ್ಪಾಳೆಯೂ ಬಿದ್ದಿತ್ತು. 

ಅಡುಗೆಮನೆಯಲ್ಲಿ ಅನ್ನದ ದೊಡ್ಡ ಪಾತ್ರೆಯ ಸುತ್ತ ಕೂತ ಹೆಂಗಸರಿಗೆ ಕಾನೂನಿನ ಚಿಂತೆ ಇರಲಿಲ್ಲ. ಅವರು ಹೊಲಿಗೆಯ ದೆಲ್ಫಿನಾಳ ಮಾತಾಡುತ್ತಿದ್ದರು. ಬಾಯಿತುಂಬ ಗುಂಡುಪಿನ್ನು ಕಚ್ಚಿಕೊಂಡೇ ನಗುತ್ತಿದ್ದಳು. ಒಂದಲ್ಲ ಒಂದು ದಿನ ನುಂಗಿ ಸಾಯ್ತೀಯ ಎಂದು ಬೈದರೆ ಇನ್ನೂ ನಗುತ್ತಿದ್ದಳು.

"ನನ್ನ ಮಗನ ಯೂನಿಫಾರ್ಮಿಗೆ ಯಾವಾಗಲೂ ಒಂದು ಗೇಣು ಒಳಗೆ ಮಡಚಿ ಹೊಲೀತಿದ್ಲು," ಎಂದಳು ಒಬ್ಬಳು. "ಬೆಳೀತಾನೆ ಅಕ್ಕಾ, ಮುಂದಿನ ವರ್ಷ ಬಿಚ್ಚಿಕೊಡ್ತೀನಿ ಅಂತ. ಬಿಚ್ಚಿಕೊಡೋಕೆ ಅವಳೇ ಇಲ್ಲ, ನೋಡು."

*

ಚೀನಾದ ಜೈಲಿನಲ್ಲಿ ಕೊನೆಯ ಭೇಟಿಗೆ ಇಸಿದ್ರೋನನ್ನೂ ತಾಯಿಯನ್ನೂ ಬೆಳಿಗ್ಗೆಯೇ ಕರೆದೊಯ್ದಿದ್ದರು. ಅದು ಕೊನೆಯದೆಂದು ಕೋಣೆಯೊಳಗೆ ಕೂತ ಮೇಲೆಯೇ ಹೇಳಿದ್ದು. ಪೊಲೋನ್ಯಾ ಕುರ್ಚಿಯಿಂದ ಜಾರಿದಳು. ನೀರು ಕುಡಿಸಲು ಇಬ್ಬರು ಅವಳನ್ನು ಹೊರಗೆ ಎತ್ತಿಕೊಂಡು ಹೋದರು. ಅಷ್ಟು ಹೊತ್ತು ಅಣ್ಣ ತಂಗಿ ಇಬ್ಬರೇ ಎದುರುಬದುರಾದರು.

"ಅಣ್ಣಾ, ಅಮ್ಮಂಗೆ ಹೇಳ್ಬೇಡ," ಎಂದಳು ದೆಲ್ಫಿನಾ. "ನಂಗೆ ಗೊತ್ತಿತ್ತು."

"ಏನು ಗೊತ್ತಿತ್ತು?"

"ಸೂಟ್‌ಕೇಸಲ್ಲಿ ಏನಿತ್ತು ಅಂತ ಸರಿಯಾಗಿ ಗೊತ್ತಿರಲಿಲ್ಲ. ಒಳ್ಳೇದಲ್ಲ ಅಂತ ಗೊತ್ತಿತ್ತು. ಸಂತೆ ಬೀದೀಲಿ ಆ ಮೂಲೆ ಅಂಗಡಿ ಖಾಲಿ ಇತ್ತಲ್ಲ, ಅದರ ಮೇಲೆ ನಂಗೆ ಕಣ್ಣಿತ್ತು. ಒಂದೇ ಸಲ ಅಂದ್ಕೊಂಡೆ."

ಅವಳ ಕೂದಲನ್ನು ಗಿಡ್ಡಗೆ ಕತ್ತರಿಸಿದ್ದರು. ಎಡಗಿವಿಯ ಹಿಂದೆ ಚಿಕ್ಕಂದಿನ ಗಾಯದ ಗುರುತು ಕಾಣುತ್ತಿತ್ತು; ಅವನೇ ಜೋಕಾಲಿಯಿಂದ ಬೀಳಿಸಿ ಆದದ್ದು.

"ನೀನು ಹೇಳ್ತಿದ್ದೆಯಲ್ಲ ಅಣ್ಣ, ಇಂಥೋರಿಗೆ ಇದೇ ಸರಿ ಅಂತ." ಅವಳ ದನಿಯಲ್ಲಿ ಕೊಂಕಿರಲಿಲ್ಲ. ರವಿಕೆ ತೊಡಿಸಿ, ಅಳತೆ ಸರಿಹೋಯಿತಾ ಎಂದು ಗಿರಾಕಿಯನ್ನು ಕೇಳುತ್ತಿದ್ದ ದನಿಯೇ ಅದು. "ಈಗಲೂ ಹಾಗೇ ಅನ್ಸುತ್ತಾ?"

ಅವನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ತೆರೆಯಿತು, ತಾಯಿಯನ್ನು ಒಳಗೆ ತಂದರು. ಬಾಗಿಲು ತೆರೆದದ್ದು ತನ್ನ ಪುಣ್ಯ ಎಂದು ಆ ಕ್ಷಣಕ್ಕೆ ಅನಿಸಿತ್ತು. ಹಾಗೆ ಅನಿಸಿದ್ದಕ್ಕೆ ಅವನು ತನ್ನನ್ನು ಇನ್ನೂ ಕ್ಷಮಿಸಿಕೊಂಡಿರಲಿಲ್ಲ.

*

"ನೀನು ತರ್ತೀಯೋ, ನಾನೇ ಹೋಗಿ ಯಾರ ಮನೆ ಗೂಡಿಗಾದರೂ ಕೈ ಹಾಕ್ಲೋ?" ಎಂದಳು ಪೊಲೋನ್ಯಾ. ಕಣ್ಣೀರು ಗಾಜಿನ ಮೇಲೆ ಬಿದ್ದರೆ ಸತ್ತವರ ಪಯಣ ಭಾರವಾಗುತ್ತದೆಂದು ಸೆರಗಿನಂತೆ ಹೊದ್ದ ಕಪ್ಪು ಬಟ್ಟೆಯಲ್ಲಿ ಆಗಾಗ ಮುಖ ಒರೆಸಿಕೊಳ್ಳುತ್ತಿದ್ದಳು. "ಏನೂ ಅರಿಯದ ಕೂಸನ್ನ ಕೊಂದ್ರು. ನೀನು ಬಾಯಿಗೆ ಬೀಗ ಹಾಕ್ಕೊಂಡು ನಿಂತಿದ್ದೀಯ. ಅಣ್ಣ ಅನ್ನಿಸ್ಕೊಂಡೋನು."

"ಅಮ್ಮಾ..."

"ಏನು? ಕೊಲೆ ಅಲ್ಲ ಅಂತೀಯಾ? ಅವಳ ಮುಖ ನೋಡ್ಕೊಂಡು ಹೇಳು."

ಅವನು ಆ ಮುಖ ನೋಡಲಿಲ್ಲ. ಮರಿ ತರಲು ಅವನಿಗೆ ಸೋಮಾರಿತನವಿರಲಿಲ್ಲ, ನಾಚಿಕೆಯಿತ್ತು. ಎರಡು ಮಳೆಗಾಲದ ಹಿಂದೆ ಇದೇ ಬೀದಿಯ ಕೊನೆಯ ಮನೆಯಲ್ಲಿ ಅವನ ಕೈ ಮಾಡಿದ ಕೆಲಸ ಊರಿಗೆಲ್ಲ ನೆನಪಿತ್ತು.

*

ಆ ಮನೆ ಮೀನು ಮಾರುವ ಸಾಬೆಲಳದು. ಪೊಲೀಸರು ಬಂದು ಊರಿನಲ್ಲಿ ಮಾದಕದ್ರವ್ಯ ಮಾರುವವರು ಯಾರೆಂದು ಕೇಳಿದಾಗ ಇಸಿದ್ರೋ ಬೆರಳು ತೋರಿಸಿದ್ದು ಆ ಬಾಗಿಲಿಗೆ. ತೋರಿಸಿದಾಗ ಅವಳ ಮಗನನ್ನು ಹಿಡಿದುಕೊಂಡು ಹೋಗುತ್ತಾರೆ ಅಂದುಕೊಂಡಿದ್ದ. ಅಥವಾ ಹಾಗೆ ಅಂದುಕೊಂಡಿದ್ದೆ ಎಂದು ಆಮೇಲೆ ಹೇಳಿಕೊಂಡ. ಆ ಹುಡುಗ ಜೋಮಾರ್ ಅಡುಗೆಮನೆಯ ಬಾಗಿಲಲ್ಲಿ ಪೊಲೀಸರ ಗುಂಡು ತಿಂದು ಬಿದ್ದಿದ್ದ.

ಕಪಿತಾನ್ ಎಂದ ಮೇಲೆ ಸಾವಿನ ಮನೆಗೆ ಹೋಗಲೇಬೇಕು. ಹೋದ. ಪೆಟ್ಟಿಗೆಯ ಗಾಜಿನ ಮೇಲೆ ಹಳದಿ ಮರಿಯೊಂದು ಓಡಾಡುತ್ತಿತ್ತು. ಸುತ್ತಲಿನವರೆಲ್ಲ ತನ್ನನ್ನೇ ನೋಡುತ್ತಿದ್ದಾರೆ ಅನಿಸಿ ಅವನಿಗೆ ಮೈ ಉರಿಯಿತು.

"ಸಾಬೆಲಕ್ಕಾ, ಇದು ನಿರಪರಾಧಿಗಳಿಗೆ ಬಿಡೋದು," ಎಂದಿದ್ದ. "ನಿಮ್ಮ ಮಗ ಮಾರ್ತಿದ್ದ. ಇದು ಕೊಲೆ ಅಲ್ಲ."

ತಾನೇ ಮರಿಯನ್ನೆತ್ತಿ ಕಿಟಕಿಯಿಂದ ಆಚೆ ಬಿಟ್ಟಿದ್ದ. ಸಾಬೆಲ್ ಆರುತ್ತಿದ್ದ ಮೇಣದಬತ್ತಿಯಿಂದ ಇನ್ನೊಂದನ್ನು ಹಚ್ಚಿ ಅದರ ಜಾಗದಲ್ಲಿ ಇಟ್ಟಳು.

*

ಹೊರಗೆ ಜಗಲಿಯಲ್ಲಿ ಎಲೆಗಳನ್ನು ಮಡಚಿಟ್ಟು ತಾಸ್ಯೋ ಎದ್ದು ದಾರಿ ಬಿಟ್ಟ. ಸಾಬೆಲ್ ಬಂದಿದ್ದಳು. ಇಷ್ಟು ದಿನ ಈ ಮನೆಯ ಕಡೆ ತಲೆ ಹಾಕದಿದ್ದವಳು ಈಗ ಎದೆಗೆ ಒಂದು ಟವಲಿನ ಗಂಟು ಅವುಚಿಕೊಂಡು ನೇರ ಒಳಗೆ ನಡೆದಳು. ಗಂಟಿನೊಳಗಿಂದ ಕೀಚು ಕೀಚು ಸದ್ದು ಬರುತ್ತಿತ್ತು.

"ನಮ್ಮನೆ ಕೋಳಿ ಮೊನ್ನೆ ಮರಿ ಮಾಡಿದೆ," ಎಂದಳು, ಪೊಲೋನ್ಯಾಳ ಕಡೆ ತಿರುಗಿ. "ಮರಿ ಸಿಕ್ಕಿಲ್ಲ ಅಂತ ಕಿವಿಗೆ ಬಿತ್ತು, ಅಜ್ಜಿ."

ಪೊಲೋನ್ಯಾ ಅವಳ ಮೊಣಕೈ ಹಿಡಿದು ಪೆಟ್ಟಿಗೆಯ ಹತ್ತಿರ ಕರೆತಂದಳು.  ಇಷ್ಟು ಹೊತ್ತು ಗಟ್ಟಿಯಾಗಿದ್ದ ಮುದುಕಿ ಈಗ ಬಿಕ್ಕಿ ಅಳತೊಡಗಿದಳು. ಹೆಂಗಸರು ಅವಳನ್ನು ಕುರ್ಚಿಗೆ ಕೂರಿಸಿದರು.

ಸಾಬೆಲ್ ಗಂಟು ಬಿಚ್ಚಿ, ಮರಿಯನ್ನು ಇಸಿದ್ರೋನ ಕಡೆ ಚಾಚಿದಳು.

"ನೀವೇ ಬಿಡಿ, ಕಪಿತಾನ್."

ಇಸಿದ್ರೋ ಅವಳ ಕಿವಿಯ ಹತ್ತಿರಕ್ಕೆ ಬಾಗಿದ. ಹೆತ್ತ ತಾಯಿಗೂ ಹೇಳದಿದ್ದ ಮಾತು ಈ ಹೆಂಗಸಿನ ಮುಂದೆ ತಾನಾಗಿಯೇ ಬಾಯಿಗೆ ಬಂತು.

"ಸಾಬೆಲಕ್ಕಾ, ಅವಳಿಗೆ ಗೊತ್ತಿತ್ತು."

"ನಾನು ಕೇಳಲಿಲ್ಲವಲ್ಲ," ಎಂದಳು ಸಾಬೆಲ್, ಅಷ್ಟೇ ಮೆಲ್ಲಗೆ. "ಜೋಮಾರ್ ಮಾರ್ತಿದ್ದಿದ್ದು ನಂಗೂ ಗೊತ್ತಿತ್ತು. ಗೊತ್ತಿದ್ದೇ ಮರಿ ಬಿಟ್ಟಿದ್ದೆ. ಸತ್ತಿದ್ದು ನನ್ನ ಮಗ."

ಇಸಿದ್ರೋ ಎರಡೂ ಕೈ ಒಡ್ಡಿದ. ಅಂಗೈಯಲ್ಲಿ ಮರಿ ಬೆಚ್ಚಗಿತ್ತು, ಅದರ ಎದೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಅವನು ಅದನ್ನು ತಂಗಿಯ ಮುಖದ ಮೇಲಿನ ಗಾಜಿನ ಮೇಲೆ ಬಿಟ್ಟ. ಹಾಗೆ ಬಿಡುವಾಗ ಅವಳ ಮುಖವನ್ನು ನೋಡಲೇಬೇಕಾಯಿತು. ಜಗಲಿಯವರು ಬಾಗಿಲಲ್ಲಿ ಗುಂಪುಗೂಡಿದ್ದರು. ಮೆಲ್ಚೋರ್ ತಲೆಯ ಟೋಪಿ ತೆಗೆದ.

ನುಣುಪು ಗಾಜಿನ ಮೇಲೆ ಮರಿಗೆ ನಿಲ್ಲಲಾಗಲಿಲ್ಲ. ಕಾಲು ಅಗಲಿಸಿ ಜಾರಿತು, ಎದ್ದಿತು, ಮತ್ತೆ ಜಾರಿತು. ಚೆಲ್ಲಿದ ಅಕ್ಕಿ ಅದರ ಕೊಕ್ಕಿಗೆ ಸಿಗದೆ ಅಂಚಿಗೆ ಉರುಳುತ್ತಿತ್ತು. ಇಸಿದ್ರೋ ಗಾಜಿನ ಮೇಲೆ ತನ್ನ ಕೈಯನ್ನು ಬೋರಲಾಗಿ ಅಡ್ಡ ಇಟ್ಟು ಅದು ಬೀಳದಂತೆ ತಡೆದ.

ಸಾಬೆಲ್ ಆ ಕೈಯನ್ನು ಹಿಡಿದು ಮೇಲ್ಮುಖವಾಗಿ ತಿರುಗಿಸಿ, ಅಂಗೈಗೆ ಒಂದು ಚಿಟಿಕೆ ಅಕ್ಕಿ ಹಾಕಿದಳು.

ಮರಿ ತಡವರಿಸುತ್ತ ಅಂಗೈ ಹತ್ತಿತು. ಒಂದು ಕಾಳು ಕುಕ್ಕಿತು, ಇನ್ನೊಂದು ಕುಕ್ಕಿತು. ಕಾಳೆಲ್ಲ ಮುಗಿದರೂ ಅದಕ್ಕೆ ತಿಳಿಯಲಿಲ್ಲ. ಬರಿಯ ಚರ್ಮವನ್ನೇ ಕುಕ್ಕತೊಡಗಿತು. ಇಸಿದ್ರೋ ಕೈ ತೆಗೆಯಲಿಲ್ಲ.