ಫಿಯಾಟಿನ ಪಟ್ಟಿ ಬಿಚ್ಚಿದ ದಿನ

ನಮ್ಮಪ್ಪ ಸಿದ್ದಲಿಂಗಪ್ಪನವರು ತಮ್ಮ ಫಿಯಾಟಿಗೆ ಮೂರು ಸಲ ಬಣ್ಣ ಹೊಡೆಸಿದ್ದಾರೆ. ಮೂರು ಸಲವೂ ಪೇಂಟರನ ಎದುರು ನಿಂತು, "ಬಾಜೂದ ಪಟ್ಟಿಗೆ ಕೈ ಹಚ್ಚಬ್ಯಾಡ. ಮ್ಯಾಲ ಕಾಗದ ಅಂಟಿಸಿ ಹೊಡಿ" ಎಂದು ತಾಕೀತು ಮಾಡಿದ್ದರು. ಮುಂದಿನ ದೀಪದಿಂದ ಹಿಂದಿನ ದೀಪದವರೆಗೆ ಬಾಗಿಲುಗಳ ಮೇಲೆ ಹಾದುಹೋಗುವ ಆ ಬೆಳ್ಳಿಬಣ್ಣದ ಪಟ್ಟಿಯೆಂದರೆ ಅಪ್ಪನಿಗೆ ಪ್ರಾಣ ಎಂದು ನಾವೆಲ್ಲ ತಿಳಿದಿದ್ದೆವು. ಅದು ಭಯ ಅನ್ನುವುದು ಕಳೆದ ತಿಂಗಳು ಗೊತ್ತಾಯಿತು.

ಪವಾಯಿಯ ನಮ್ಮ ಬಿಲ್ಡಿಂಗಿನ ಗೇಟಿನಲ್ಲಿ ಒಂದು ರಿಕ್ಷಾ ಉಜ್ಜಿಕೊಂಡು ಹೋಗಿ ಪಟ್ಟಿಯ ತುದಿ ಸೊಟ್ಟಗಾಗಿ ಹೊರಗೆ ಚಾಚಿಕೊಂಡಿತು. ಹೋಗಿಬರುವವರ ಪ್ಯಾಂಟು ಹರಿಯುವ ಮೊದಲು ಸರಿ ಮಾಡಿಸೋಣ ಎಂದು ನಾನು ಕುರ್ಲಾದ ಸಾಯಬಣ್ಣನಿಗೆ ಫೋನ್ ಮಾಡಿದೆ. ಹಳೆಯ ಗಾಡಿಗಳ ಮೆಕ್ಯಾನಿಕ್ ಅವನು, ಆಳಂದದ ಕಡೆಯವನು. ಕುರ್ಲಾ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವ್ವ ಸೀರೆ ಬದಲಾಯಿಸಿ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಅವ್ವನಿಗೆ ಗ್ಯಾರೇಜಿನಲ್ಲಿ ಏನೂ ಕೆಲಸವಿರಲಿಲ್ಲ. ಗ್ಯಾರೇಜಿನ ಹಿಂದಿನ ಗಲ್ಲಿಯಲ್ಲೇ ನಾವು ಮೊದಲಿದ್ದ ಚಾಳ್, ಆ ಚಾಳಿನಲ್ಲಿ ನಾನು ಚಿಕ್ಕವ್ವನಂತೆ ಕಂಡ ಗುರುಬಾಯಿ ಮೌಶಿ. ಚಾಳ್ ಕೆಡವುತ್ತಾರಂತೆ, ಮೌಶಿ ಮುಂದಿನ ವಾರ ಮಗನ ಹತ್ತಿರ ಸೊಲ್ಲಾಪುರಕ್ಕೆ ಹೋಗುತ್ತಾಳಂತೆ ಎಂಬ ಸುದ್ದಿ ನಮಗೆ ಮುಟ್ಟಿತ್ತು. ಒಮ್ಮೆ ಹೋದಳೆಂದರೆ ಅವರಿಬ್ಬರೂ ಮತ್ತೆ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಇದು ಅವ್ವನಿಗೂ ಗೊತ್ತಿತ್ತು. ಆ ವಾರ ಎರಡು ಸಲ ಬಾಜಾರಿನ ನೆಪ ಹೇಳಿ ಕುರ್ಲಾಕ್ಕೆ ಹೋಗಿ, ಚಾಳಿನ ಮೆಟ್ಟಿಲು ಹತ್ತದೆ, ಎಂಟಾಣೆಯ ಕೊತ್ತಂಬರಿಯನ್ನೂ ತರದೆ ತಿರುಗಿ ಬಂದಿದ್ದಳು. ನನ್ನವ್ವನ ಹಟ ಅಂಥದು.

ಚಾಳಿನಲ್ಲಿ ಮೌಶಿಯದು ನಮ್ಮ ಪಕ್ಕದ ಖೋಲಿ. ಅವರು ವಿಜಯಪುರದ ಕಡೆಯವರು. ನಾನು ನಮ್ಮ ಮನೆಯಲ್ಲಿ ಉಂಡದ್ದಕ್ಕಿಂತ ಅಲ್ಲಿ ಉಂಡದ್ದೇ ಹೆಚ್ಚು. ಒಮ್ಮೆ ಇಬ್ಬರೂ ದಾದರಿಗೆ ಹೋಗಿ ಒಂದೇ ಥರದ ಎರಡು ಇಳಕಲ್ ಸೀರೆ ತಂದರು, ಹಸಿರು ಒಡಲು, ಕೆಂಪು ಸೆರಗು. ಉಟ್ಟುಕೊಂಡು ಖೋಲಿಗಳ ಮುಂದಿನ ಗ್ಯಾಲರಿಯಲ್ಲಿ ನಡೆದರೆ ಅಕ್ಕತಂಗಿಯರೇ ಅನ್ನಬೇಕು. ಸ್ವಲ್ಪ ದಿನಕ್ಕೆ ಹಗ್ಗದ ಮೇಲೆ ಒಣಹಾಕಿದ್ದ ಅವ್ವನ ಸೀರೆ ಮಾಯವಾಯಿತು. ಮುಂದಿನ ಸೋಮವಾರ ಮೌಶಿ ತನ್ನದನ್ನು ಉಟ್ಟು ಹೊರಗೆ ಬಂದಳು. ಆಕೆಯ ಸೀರೆಗೆ ಅರಿಶಿನದ ದೊಡ್ಡ ಕಲೆಯಿದ್ದದ್ದು ಎಲ್ಲರಿಗೂ ಗೊತ್ತು. ಆವತ್ತು ಕಲೆ ಇರಲಿಲ್ಲ. ನಿಂಬೆಹಣ್ಣು ತಿಕ್ಕಿ ಬಿಸಿಲಿಗೆ ಹಾಕಿ ತೆಗೆದೆ ಅಂದಳು ಮೌಶಿ. ಅವ್ವ ನಂಬಲಿಲ್ಲ. ಗ್ಯಾಲರಿಯ ನಟ್ಟನಡುವೆ ನಿಂತು, ಎಲ್ಲ ಬಾಗಿಲುಗಳೂ ತೆರೆಯುವ ಹಾಗೆ, "ನನ್ನ ಸೀರಿ ಉಟ್ಟಾಳ ಕಳ್ಳಿ" ಎಂದು ಕೂಗಿದಳು. ಆಮೇಲೆ ಅವರಿಬ್ಬರ ನಡುವೆ ಮಾತಿಲ್ಲ. ಮೂವತ್ತು ವರ್ಷ ದಾಟಿತು.

ಗ್ಯಾರೇಜಿನಲ್ಲಿ ಸಾಯಬಣ್ಣ ಪಟ್ಟಿಯ ಮೇಲೂ ಕೆಳಗೂ ಬಣ್ಣಕ್ಕೆ ಗೀರು ಬೀಳದಂತೆ ಟೇಪ್ ಅಂಟಿಸಿದ. ಪಾನಾ, ಸ್ಕ್ರೂಡ್ರೈವರ್ ಯಾವುದನ್ನೂ ಮುಟ್ಟಲಿಲ್ಲ. ಬಿದಿರಿನ ಚಪ್ಪಟೆ ಚಕ್ಕೆಯೊಂದನ್ನು ತೆಗೆದುಕೊಂಡು ಬಂದ.

"ತುದಿ ಅಷ್ಟಽ ಬಡದು ಕೂಡಸು, ಸಾಕು" ಅಂದರು ಅಪ್ಪ.

"ಬಡದ್ರ ತಗ್ಗು-ತೆರಿ ಬೀಳ್ತಾವ್ರಿ ಕಾಕಾ. ಇಂಥದೇ ಪಟ್ಟಿ ಗುಜರಿ ಬಾಜಾರದಾಗ ಹುಡುಕಿ ತಂದೀನಿ. ಪೂರಾ ಬಿಚ್ಚಿ ಇದನ್ನ ಹಾಕೂಣು."

"ನಾಳೆ ನೋಡೂಣು. ಇವತ್ತು ಅಮಾಸಿ ಐತಿ."

ಅಮಾವಾಸ್ಯೆ ಆಗಿ ನಾಲ್ಕು ದಿನವಾಗಿತ್ತು. ನನಗೆ ರೇಗಿತು. "ಅಪ್ಪಾ, ಅದು ಪಟ್ಟಿ, ನಿಮ್ಮ ಕಿಡ್ನಿ ಅಲ್ಲ. ತಗೀಲಿ ಬಿಡ್ರಿ" ಅಂದೆ. ಅಪ್ಪ ಗಾಡಿಯ ಆ ಬದಿಗೆ ಹೋಗಿ ಆಕಾಶ ನೋಡುತ್ತ ನಿಂತರು.

ಸಾಯಬಣ್ಣ ಚಕ್ಕೆ ತೂರಿಸಿ ಮೆಲ್ಲಗೆ ಮೀಟಿದ. ಮೊದಲ ಕ್ಲಿಪ್ಪು ಟಕ್ ಎಂದು ಬಿಚ್ಚಿತು. ಹಿಂದಿನ ಬಾಗಿಲಿಗೆ ಬಂದಾಗ ಯಾವ ಸದ್ದೂ ಇಲ್ಲ.

"ಇಲ್ಲಿ ಕ್ಲಿಪ್ಪೇ ಇಲ್ರಿ ಅಕ್ಕಾರ. ಏನೋ ತುರುಕ್ಯಾರ."

ಪಟ್ಟಿ ಕೈಗೆ ಬಂತು. ಅದರ ಒಳಗಿನ ಹಳ್ಳದ ತುಂಬ ಹಗ್ಗದಂತೆ ಹೊಸೆದ ಬಟ್ಟೆ, ಮೇಲೆಲ್ಲ ಮೇಣ ಮತ್ತು ಧೂಳು ಸೇರಿ ಕರ‍್ರಗಾಗಿತ್ತು. ಅವನು ಅದನ್ನು ಎಳೆದು ಬಿಡಿಸಿದ. ಬಿಡಿಸಿದಂತೆ ಒಳಗಿನಿಂದ ಹಸಿರು ಬಂತು, ಆಮೇಲೆ ಕೆಂಪು, ಕೆಂಪಿನ ಮೇಲೆ ಬಿಳಿಯ ತೆನೆ.

"ಇಳಕಲ್ ಸೀರಿ ಐತಲ್ರಿ!" ಎಂದು ಸಾಯಬಣ್ಣ ನಕ್ಕ. ಬೇರೆ ಯಾರೂ ನಗಲಿಲ್ಲ.

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದ ಅವ್ವ ಗ್ಲಾಸು ಕೆಳಗಿಟ್ಟು ಎದ್ದು ಬಂದಳು. ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. ಅಪ್ಪ ತಾವಾಗಿಯೇ ಶುರು ಮಾಡಿದರು.

"ಕ್ಲಿಪ್ಪು ಮುರದಿದ್ವು. ಕೆಲಸಕ್ಕ ಪರೇಲಿನ ಮಿಲ್ ಗೇಟಿಗೆ ಹ್ವಾದ್ರ ಪಟ್ಟಿ ಖಡಖಡ ಅಂತಿತ್ತು, ಮಂದಿ ನಗತಿದ್ರು. ಹಳೇ ಅರಿಬಿ ಅನಕೊಂಡು ಹಗ್ಗದ ಮ್ಯಾಲಿಂದು ಹರದೆ. ಹರದ ಮ್ಯಾಲ ಗೊತ್ತಾತು. ಪಗಾರ ಆದಮ್ಯಾಲ ಹೊಸಾದು ತಂದಿಟ್ಟು ಹೇಳೂಣು ಅಂತಿದ್ದೆ. ಅಷ್ಟರಾಗ ನೀ ಗ್ಯಾಲರ‍್ಯಾಗ ನಿಂತು ಅಂದುಬಿಟ್ಟಿ. ಆಮ್ಯಾಲ ನನಗ ಬಾಯಿ ಬರಲಿಲ್ಲ."

ನನಗೆ ಅಪ್ಪನ ಮೇಲೆ ಬಂದಂಥ ಸಿಟ್ಟು ಜನ್ಮದಲ್ಲಿ ಬಂದಿರಲಿಲ್ಲ. ಒಂದು ಮಾತು ಹೇಳದ ಇವರ ಹೇಡಿತನಕ್ಕೆ ಮೌಶಿಯ ಒಲೆಯ ಮುಂದಿನ ನನ್ನ ಜಾಗ ಹೋಗಿತ್ತು. ಮದುವೆಯ ದಿನ ನನಗೆ ಅರಿಶಿನ ಹಚ್ಚಲು ಆಕೆ ಬಂದಿರಲಿಲ್ಲ. ಬೈಯಲು ಬಾಯಿ ತೆರೆದೆ. ಅವ್ವ ಕೈ ಎತ್ತಿ ಸುಮ್ಮನಿರಿಸಿದಳು. ಅವ್ವ ಕೂಗಾಡಿದ್ದರೆ ಅಪ್ಪ ಬದುಕಿಕೊಳ್ಳುತ್ತಿದ್ದರು. ಆಕೆ ಆ ಬಟ್ಟೆಯನ್ನು ಮಡಚಿ ಕೈಯಲ್ಲಿ ಹಿಡಿದು, "ಬರ‍್ರಿ" ಎಂದಷ್ಟೇ ಅಂದು ಗಲ್ಲಿಗೆ ತಿರುಗಿದಳು. ಸಾಯಬಣ್ಣ ಹೊಸ ಪಟ್ಟಿಗೆ ಗೆರೆ ಹಿಡಿಯಲು ಗಾಡಿಯುದ್ದಕ್ಕೂ ದಾರ ಕಟ್ಟುತ್ತ ನಮ್ಮನ್ನೇ ನೋಡುತ್ತಿದ್ದ.

ಚಾಳ್ ಅರ್ಧ ಖಾಲಿಯಾಗಿತ್ತು. ಮೌಶಿಯ ಖೋಲಿಯಲ್ಲಿ ಗಂಟುಮೂಟೆ ಕಟ್ಟಿಟ್ಟಿದ್ದವು. ಆಕೆ ಬಹಳ ಸೊರಗಿದ್ದಳು. ಅವ್ವ ಒಳಗೆ ಹೋಗಿ ಬಟ್ಟೆಯನ್ನು ಆಕೆಯ ಮುಂದಿಟ್ಟಳು.

"ಇವರು ಗಾಡಿ ಪಟ್ಟಿಯೊಳಗ ತುರುಕಿದ್ರವಾ. ಇವತ್ತ ಸಿಕ್ತು. ತಪ್ಪಾತು ಗುರುಬಾಯಿ" ಅಂದಳು, ಪಿಸುಮಾತಿನಲ್ಲಿ.

ಮೌಶಿ ಬಟ್ಟೆ ನೋಡಿದಳು. ಬಾಗಿಲಾಚೆ ತಲೆ ತಗ್ಗಿಸಿ ನಿಂತಿದ್ದ ಅಪ್ಪನನ್ನೂ ನೋಡಿದಳು.

"ನನ್ನ ಸೀರಿ ನಾ ಮತ್ತ ಉಡಲಿಲ್ಲ. ಉಟ್ರೂ ಕಳ್ಳಿ, ಒಗದ್ರೂ ಕಳ್ಳಿ. ಟ್ರಂಕಿನ್ಯಾಗ ಹುಳ ತಿಂದು ಹ್ವಾತು" ಅಂದಳು. ಆಮೇಲೆ ದನಿ ಏರಿತು. "ಅಂದಾಗ ಗ್ಯಾಲರ‍್ಯಾಗ ನಿಂತು ಅಂದಿದ್ದಿ. ಈಗ ಒಳಗ ಬಂದು ಕಿವ್ಯಾಗ ಯಾಕ ಹೇಳ್ತಿ?"

ಅವ್ವ ಹೊರಗೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗ್ಯಾಲರಿಯ ನಟ್ಟನಡುವೆ ನಿಂತಳು.

"ಭಾಗವ್ವಾ! ಸೇವಂತೀ! ರುಕ್ಮಿಣಿಬಾಯೇರಾ! ಎಲ್ಲಾರೂ ಕೇಳ್ರಿ! ಗುರುಬಾಯಿ ನನ್ನ ಸೀರಿ ಕದ್ದಿಲ್ಲ! ನನ್ನ ಗಂಡ ಹರದಾನ! ನಾ ಸುಳ್ಳ ಹೇಳೀನಿ!"

ಆಕೆ ಹೆಸರು ಹಿಡಿದು ಕೂಗಿದ ನೆರೆಯವರ ಬಾಗಿಲುಗಳಿಗೆಲ್ಲ ಬೀಗ ಬಿದ್ದಿತ್ತು. ಕೊನೆಯ ಖೋಲಿಯಿಂದ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಒಬ್ಬ ತರುಣ ಹೊರಬಂದು "ಕ್ಯಾ ಹುವಾ ಆಂಟಿ?" ಎಂದ. ಅವ್ವ ಅವನನ್ನೂ ಬಿಡಲಿಲ್ಲ. "ಇಸ್ನೆ ಚೋರಿ ನಹೀ ಕಿಯಾ!" ಎಂದು ಮೌಶಿಯ ಕಡೆ ಬೆರಳು ತೋರಿಸಿದಳು. ಅವನು "ಅಚ್ಛಾ, ಠೀಕ್ ಹೈ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

"ಭಾಗವ್ವ ಸತ್ತು ಹ್ವಾದ್ಲು" ಅಂದಳು ಮೌಶಿ, ಹೊಸ್ತಿಲಲ್ಲಿ ನಿಂತು. "ಸಾಯೂಮಟಾ ನಾ ಮನ್ಯಾಗ ಇದ್ರ ಹಗ್ಗದ ಮ್ಯಾಲ ಬಟ್ಟಿ ಹಾಕಲಿಲ್ಲ ಆಕಿ."

ಅವ್ವ ಅಲ್ಲೇ ನೆಲದ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡು ಅತ್ತಳು. ಮೌಶಿ ಗೋಡೆ ಹಿಡಿದುಕೊಂಡು ಮೆಲ್ಲಗೆ ಕೂತಳು, ಅವ್ವನಿಗೆ ತೀರ ಹತ್ತಿರವಲ್ಲ, ದೂರವೂ ಅಲ್ಲ.

"ಐತ್ವಾರ ಸೊಲ್ಲಾಪುರಕ್ಕ ಹೊಂಟೀನಿ" ಅಂದಳು. "ಅಲ್ಲೀಮಟಾ ದಿನಾ ಬಂದು ಕೂಗು."

ಅವ್ವ ದಿನಾ ಹೋದಳು.