ಆರನೆಯ ಕೋರ್ಟಿನ ಎಡೆ

ಸಂಜೆಯ ಮಂಜು ಗುಡ್ಡ ಹತ್ತಿ ಈಚೆಗೆ ಇಳಿಯುವ ಹೊತ್ತಿಗೆ ಆರನೆಯ ಕೋರ್ಟಿನಲ್ಲಿ ಶೂ ತಟ್ಟುವ ಸದ್ದು ಕೇಳುತ್ತಿತ್ತು. ಟಕ್ ಟಕ್, ಸ್ವಲ್ಪ ತಡೆದು ಮತ್ತೊಂದು ಟಕ್. ಸರ್ವ್ ಮಾಡುವ ಮುಂಚೆ ರ‍್ಯಾಕೆಟ್ಟಿನ ಅಂಚಿನಿಂದ ಎಡಗಾಲಿನ ಶೂಗೆ ಹಾಗೆ ತಟ್ಟಿಕೊಳ್ಳುತ್ತಿದ್ದವಳು ನಿವೇದಿತಾ ಒಬ್ಬಳೇ. ಅವಳು ಬೇಸಿಗೆಯಲ್ಲೇ ತೀರಿಕೊಂಡಿದ್ದಳು. ಊರ್ಮಿಳಾ ಪ್ರತಿ ಸಲವೂ ತಿರುಗಿ ನೋಡುತ್ತಿದ್ದಳು. ಕೋರ್ಟು ಖಾಲಿ. ನೆಟ್ಟು ಮಾತ್ರ ಗಾಳಿಗೆ ಅಲ್ಲಾಡುತ್ತಿತ್ತು.

ಊರ್ಮಿಳಾ ಸ್ಯಾನ್ ಮಟಿಯೋದ ಗುಡ್ಡದ ಮೇಲಿನ ಒಂದು ಸಣ್ಣ ಕಾಲೇಜಿನ ಹುಡುಗಿಯರ ಟೆನಿಸ್ ತಂಡಕ್ಕೆ ಹೆಡ್ ಕೋಚ್. ಧಾರವಾಡದ ಮಣ್ಣಿನ ಕೋರ್ಟಿನಲ್ಲಿ ಆಡಿ ಬೆಳೆದು, ಸ್ಕಾಲರ್‌ಶಿಪ್ ಮೇಲೆ ಈ ದೇಶಕ್ಕೆ ಬಂದು, ಮೊಣಕಾಲು ಕೈಕೊಟ್ಟ ಮೇಲೆ ಕೋಚಿಂಗಿಗೆ ಇಳಿದವಳು. ಕಂಡವರ ರ‍್ಯಾಕೆಟ್ಟಿಗೆ ತಂತಿ ಕಟ್ಟಿ, ತಂಡದ ವ್ಯಾನು ಓಡಿಸಿ, ಅಸಿಸ್ಟೆಂಟ್ ಎಂಬ ಹೆಸರಿನಲ್ಲಿ ಕತ್ತೆಯ ಹಾಗೆ ದುಡಿದು ಕೊನೆಗೆ ಈ ಕುರ್ಚಿಗೆ ಬಂದಿದ್ದಳು. ಕನ್ನಡ ಕೂಟದ ಯುಗಾದಿಯಲ್ಲಿ ಮಾತ್ರ ಇಂದಿಗೂ ಯಾರಾದರೊಬ್ಬರು, ಟೆನಿಸ್ ಆಡಿಸುತ್ತೀರಿ ಸರಿ, ಕೆಲಸ ಎಲ್ಲಿ, ಎಂದು ಕೇಳುತ್ತಿದ್ದರು. ಇಂಜಿನಿಯರುಗಳ ಸಂತೆಯಲ್ಲಿ ಕೋಚಿಗೆ ಅಷ್ಟೇ ಬೆಲೆ. ಊರ್ಮಿಳಾ ನಕ್ಕು ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಳ್ಳುತ್ತಿದ್ದಳು.

ನಿವೇದಿತಾ ಮಿಲ್ಪಿಟಾಸಿನ ಹುಡುಗಿ, ಹುಬ್ಬಳ್ಳಿಯ ಕಿರಣಕುಮಾರನ ಮಗಳು. ಆಟದಲ್ಲಿ ಅಂಥ ಮಿಂಚೇನೂ ಇರಲಿಲ್ಲ. ಕಾಲೇಜು ಟೆನಿಸಿನಲ್ಲಿ ತಂಡದ ಆರು ಹುಡುಗಿಯರು ಒಟ್ಟೊಟ್ಟಿಗೆ ಆರು ಕೋರ್ಟುಗಳಲ್ಲಿ ಆಡುತ್ತಾರೆ. ಎಲ್ಲರಿಗಿಂತ ಗಟ್ಟಿಗಿತ್ತಿ ಮೊದಲನೆಯದರಲ್ಲಿ. ಇವಳದು ನೀಲಗಿರಿ ಮರಗಳ ಪಕ್ಕದ ಕೊನೆಯದು. ಆದರೆ ಹಿಡಿದರೆ ಬಿಡದ ಉಡದಂಥ ಹುಡುಗಿ. ಆಟದ ನಡುವೆ ಅವಳು ಬೆಂಚಿಗೆ ಬಂದು ಕೂತಾಗ ಊರ್ಮಿಳಾ ಅಚ್ಚ ಧಾರವಾಡದ ಕನ್ನಡದಲ್ಲಿ ಉಪಾಯ ಹೇಳಿಕೊಡುತ್ತಿದ್ದಳು. ಎದುರಿನವರು ಕಿವಿಗೊಟ್ಟರೂ ಒಂದಕ್ಷರ ತಿಳಿಯದು. ನಿವೇದಿತಾ ಓಕೆ ಕೋಚ್ ಎಂದು ಇಂಗ್ಲಿಷಿನಲ್ಲಿ ಹೇಳಿ, ಹೋಗಿ ಹೇಳಿದ ಹಾಗೇ ಆಡುವಳು. ಈ ದೇಶದಲ್ಲಿ ಊರ್ಮಿಳಾಳ ಮಾತು ಕೆಲಸಕ್ಕೆ ಬಂದದ್ದು ಆ ಬೆಂಚಿನ ಮೇಲೊಂದೇ. ಮಕ್ಕಳಿಲ್ಲದ ಅವಳಿಗೆ ಆ ಹುಡುಗಿ ಏನಾಗಿದ್ದಳೆಂದು ಬಿಡಿಸಿ ಹೇಳಬೇಕಿಲ್ಲ. ಆದರೂ ಹೇಳುತ್ತೇನೆ, ಮಗಳಾಗಿದ್ದಳು.

ಬೇಸಿಗೆ ರಜೆ ಮುಗಿದು ಆಗಸ್ಟಿನಲ್ಲಿ ಕಾಲೇಜು ಶುರುವಾಗಬೇಕೆನ್ನುವಾಗ ಫ್ರೀವೇಯಲ್ಲಿ ಒಂದು ಟ್ರಕ್ಕು ಲೇನ್ ತಪ್ಪಿತು. ಅಲ್ಲಿಗೆ ಎಲ್ಲ ಮುಗಿಯಿತು.

ತಂಡದಲ್ಲಿ ಏಳನೆಯವಳಾಗಿ ವಿಭಾ ಎಂಬ ಹುಡುಗಿ ಇದ್ದಳು. ಸರಟೋಗಾದವಳು, ಬೆಂಗಳೂರು ಕಡೆಯ ಡಾಕ್ಟರೊಬ್ಬರ ಮಗಳು. ಹಿಂದಿನ ವರ್ಷ ಪೂರ್ತಿ ಬೆಂಚಿನಲ್ಲಿ ಕೂತು ಚಪ್ಪಾಳೆ ತಟ್ಟಿ, ನೀರು ಹಂಚಿ, ಚೆಂಡು ಆಯ್ದವಳು. ಆರನೆಯ ಜಾಗ ಖಾಲಿಯಾದರೆ ಏಳನೆಯವಳು ಬರಬೇಕು. ಇದಕ್ಕೆ ಪಂಚಾಂಗ ನೋಡಬೇಕಿಲ್ಲ. ಆದರೆ ಊರ್ಮಿಳಾಗೆ ಮೊದಲು ವಿಭಾಳ ಬ್ಯಾಕ್‌ಹ್ಯಾಂಡ್ ಸಾಲದೆನಿಸಿತು, ಆಮೇಲೆ ಸರ್ವ್ ಸಾಲದೆನಿಸಿತು, ಅದೂ ಸರಿಹೋದಾಗ ಆರನೆಯ ಕೋರ್ಟಿನ ಗೆರೆಗಳೇ ಮಾಸಿವೆ ಎನಿಸಿತು. ಕುಣಿಯಲಾರದವಳಿಗೆ ನೆಲ ಡೊಂಕು. ಪ್ರಾಕ್ಟೀಸು ಐದೇ ಕೋರ್ಟಿನಲ್ಲಿ ನಡೆಯಿತು. ವಿಭಾ ಒಬ್ಬಳೇ ಗೋಡೆಗೆ ಚೆಂಡು ಹೊಡೆಯುತ್ತಿದ್ದಳು, ನನ್ನನ್ನೇಕೆ ಇಳಿಸುವುದಿಲ್ಲ ಎಂದು ಕೇಳುತ್ತಿರಲಿಲ್ಲ. ಊರ್ಮಿಳಾ ಅವಳೊಡನೆ ಮಾತಾಡಿದರೆ ಇಂಗ್ಲಿಷಿನಲ್ಲಿ, ಅದೂ ಬೇಕಾದಷ್ಟೇ.

ಜನವರಿಯ ಮೊದಲ ಪಂದ್ಯಕ್ಕೆ ಮುಂಚೆ ನಿವೇದಿತಾಳಿಗಾಗಿ ಮೌನ ಆಚರಿಸುವುದಿತ್ತು. ಕಿರಣಕುಮಾರ, ಅವನ ಹೆಂಡತಿ, ಅವರೊಡನೆಯೇ ಇದ್ದ ಮುದಿತಾಯಿ ನೀಲವ್ವ ಬಂದು ನೋಡುಗರ ಮೆಟ್ಟಿಲ ಮೇಲೆ ಕೂತರು. ಅವತ್ತು ಬೆಳಿಗ್ಗೆ ಊರ್ಮಿಳಾ ಮನಸ್ಸು ಗಟ್ಟಿ ಮಾಡಿಕೊಂಡು, ಇವತ್ತು ಆರನೆಯದು ನೀನು ಆಡುತ್ತೀ, ಎಂದು ವಿಭಾಗೆ ಹೇಳಿದ್ದಳು. ಸುದ್ದಿ ತಿಳಿದು ವಿಭಾಳ ಅಪ್ಪ ಅಮ್ಮನೂ ಆಸ್ಪತ್ರೆಯ ಕೆಲಸ ಬಿಟ್ಟು ಬಂದಿದ್ದರು.

ಆಟಕ್ಕೆ ಮುಂಚೆ ಎರಡೂ ತಂಡದ ಕೋಚುಗಳು ಆರು ಹೆಸರು ಬರೆದ ಚೀಟಿಯನ್ನು ಬದಲಿಸಿಕೊಳ್ಳುತ್ತಾರೆ. ಅವರ ಲೀಗಿನಲ್ಲಿ ಆಮೇಲೆ ಹೆಸರು ತಿದ್ದುವಂತಿಲ್ಲ. ಚೀಟಿಯಲ್ಲಿ ಹೆಸರಿದ್ದವಳು ಕೋರ್ಟಿಗೆ ಇಳಿಯದಿದ್ದರೆ ಆ ಆಟ ಸೋತ ಹಾಗೆ. ಮೌನ ಮುಗಿಯಿತು. ಮೈಕು ಹಿಡಿದ ಹುಡುಗಿ ಹೊಸಬಳು, ಯಾರ ಪರಿಚಯವೂ ಇಲ್ಲದವಳು. ಚೀಟಿಯಲ್ಲಿದ್ದುದನ್ನು ಓದುತ್ತ ಹೋಗಿ, ಆರನೆಯ ಕೋರ್ಟಿಗೆ ನಿವೇದಿತಾ, ಎಂದಳು.

ರ‍್ಯಾಕೆಟ್ ಹಿಡಿದು ಕೋರ್ಟಿನ ಬಾಗಿಲ ತನಕ ಹೋಗಿದ್ದ ವಿಭಾ ಅಲ್ಲೇ ನಿಂತಳು. ಮೆಟ್ಟಿಲ ಮೇಲೆ ನಿವೇದಿತಾಳ ತಾಯಿ ಎದ್ದು ನಿಂತು, ಮಗಳು ಯಾವ ಕಡೆಯಿಂದ ಬರುತ್ತಾಳೋ ಎಂಬಂತೆ ಆಚೆ ಈಚೆ ನೋಡಿದಳು. ಊರ್ಮಿಳಾ ಓಡಿಹೋಗಿ ಚೀಟಿ ಕಸಿದುಕೊಂಡಳು. ಅವಳದೇ ಅಕ್ಷರ. ಬರೆದದ್ದು ಮಾತ್ರ ನೆನಪಿಗೇ ಬರಲಿಲ್ಲ. ಎದುರು ತಂಡದ ಕೋಚ್ ಒಳ್ಳೆಯವಳು, ಹೋಗಲಿ ಬಿಡಿ, ಬೇರೆಯವಳನ್ನು ಇಳಿಸಿ, ಎಂದಳು. ರೆಫರಿ ಒಪ್ಪಲಿಲ್ಲ. ಆ ಒಂದು ಆಟ ಕೈಬಿಟ್ಟದ್ದರಿಂದಲೇ ತಂಡ ಸೋತಿತು. ವಿಭಾ ಯಾರ ಮುಖವನ್ನೂ ನೋಡದೆ ಬ್ಯಾಗು ಕಟ್ಟಿ ಅಪ್ಪ ಅಮ್ಮನ ಹಿಂದೆ ಹೊರಟುಹೋದಳು. ಅವಳು ಅತ್ತು ರಂಪ ಮಾಡಿದ್ದರೂ ಊರ್ಮಿಳಾಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಜನ ಕರಗಿದ ಮೇಲೆ ಊರ್ಮಿಳಾ ಆರನೆಯ ಕೋರ್ಟಿನ ಬೆಂಚಿನ ಮೇಲೆ ಕೂತಳು. ಇಲಕಲ್ ಸೀರೆಯ ಕೆಳಗೆ ಮೊಮ್ಮಗಳ ಹಳೆಯ ಟೆನಿಸ್ ಶೂ ಹಾಕಿಕೊಂಡ ನೀಲವ್ವ ತಂತಿ ಬೇಲಿ ಹಿಡಿದುಕೊಂಡು ನಿಧಾನವಾಗಿ ಬಂದು ಪಕ್ಕದಲ್ಲಿ ಕೂತಳು. ಈ ಜಾಗ ಇವತ್ತು ಯಾರದಿತ್ತು ಎಂದು ಕೇಳಿದಳು. ಊರ್ಮಿಳಾ ವಿಭಾಳ ಹೆಸರು ಹೇಳಿದಳು. ಹೇಳುತ್ತ ಹೇಳುತ್ತ, ಸಂಜೆ ಹೊತ್ತು ಶೂ ತಟ್ಟುವ ಸದ್ದು ತನಗೆ ಕೇಳುತ್ತದೆ ಎಂಬುದನ್ನೂ ಹೇಳಿಬಿಟ್ಟಳು. ಅದನ್ನು ಅವಳು ಅದುವರೆಗೆ ಯಾರಿಗೂ ಹೇಳಿರಲಿಲ್ಲ.

"ಬರ್ಲಿ ಬಿಡವಾ," ಎಂದಳು ನೀಲವ್ವ. "ಮಾನಮಿ ಅಮಾಸಿಗೆ ಸತ್ತವ್ರಿಗೆ ಎಡಿ ಇಡ್ತೀವಿ. ಅವ್ರು ಬಂದು ಉಂಡು ಹೋಗ್ಲಿ ಅಂತ ಬಾಗಲಾ ಮುಚ್ಚಿ ಹೊರಗ ಕುಂಡ್ರತೀವಿ. ಆಮ್ಯಾಲ ಬಾಗಲಾ ತಗದು ಆ ಎಡಿ ಯಾರ ಉಣ್ತಾರ? ಮನಿ ಹುಡುಗ್ರು ಉಣ್ತಾವ."

ನೀಲವ್ವ ಖಾಲಿ ಕೋರ್ಟಿನ ಕಡೆ ಕೈ ತೋರಿಸಿದಳು.

"ನೀ ಬಾಗಲಾ ತಗದೇ ಇಲ್ಲ. ಹಂಗ ಬಿಟ್ರ ಅದು ಎಡಿ ಅಲ್ಲವಾ, ಹಳಸಿದ ಅನ್ನ. ನನ್ನ ಮೊಮ್ಮಗಳ ಎಡಿ ಹಳಸೂದು ಬ್ಯಾಡ."

ಮುದುಕಿ ಊರ್ಮಿಳಾಳ ಬೆನ್ನ ಮೇಲೆ ಕೈಯಿಟ್ಟು, ಕಾರಿನಿಂದ ಮಗ ಕರೆಯುವ ತನಕ ಕೂತಿದ್ದಳು.

ಮಾರನೆಯ ದಿನ ಊರ್ಮಿಳಾ ವಿಭಾಳನ್ನು ಕರೆದು ತಪ್ಪಾಯಿತು ಎಂದಳು. ವಿಭಾ ಇಟ್ಸ್ ಓಕೆ ಎಂದಳು. ಓಕೆ ಆಗಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು. ಮುಂದಿನ ಪಂದ್ಯದ ಚೀಟಿ ಕೊಡುವ ಮುಂಚೆ ಊರ್ಮಿಳಾ ಅದನ್ನು ರೆಫರಿಯಿಂದ ಗಟ್ಟಿಯಾಗಿ ಓದಿಸಿದಳು. ಆರನೆಯ ಹೆಸರು ವಿಭಾಳದೇ ಆಗಿತ್ತು.

ವಿಭಾ ಮೊದಲ ಸೆಟ್ ಸೋತಳು, ಎರಡನೆಯದನ್ನು ಹೇಗೋ ಗೆದ್ದಳು. ಮೂರನೆಯದರ ನಡುವೆ ಬೆಂಚಿಗೆ ಬಂದು ಟವೆಲಿನಲ್ಲಿ ಮುಖ ಮುಚ್ಚಿ ಕೂತಳು. ಗುಡ್ಡದ ಮೇಲಿಂದ ಮಂಜು ಇಳಿಯುತ್ತಿತ್ತು. ಊರ್ಮಿಳಾ ನಾಲ್ಕನೆಯ ಕೋರ್ಟಿಗೆ ಹೋಗಬೇಕೆಂದು ಹೊರಟವಳು ತಿರುಗಿ ಇಲ್ಲಿಗೇ ಬಂದು ಕೂತಳು. ಆ ಬೆಂಚಿನಲ್ಲಿ ಇಂಗ್ಲಿಷು ಅವಳ ಬಾಯಿಗೆ ಬರಲಿಲ್ಲ.

"ಎದುರಿನಾಕಿ ಕಾಲು ಸೋತಾವ," ಎಂದಳು. "ಎಡಕ್ಕ ಹಾಕವಾ."

ವಿಭಾ ಟವೆಲು ಇಳಿಸಿದಳು. ಕನ್ನಡದಲ್ಲಿ ಎರಡು ಮಾತಿಗೆ ತಡವರಿಸುವ ಹುಡುಗಿ ಒಂದೊಂದೇ ಪದ ಹುಡುಕಿ ಹೇಳಿದಳು.

"ಗೊತ್ತು ಕೋಚ್. ಲಾಸ್ಟ್ ಇಯರು ಫುಲ್ಲು ನಾನು ಇಲ್ಲೇ ಪಕ್ಕದಲ್ಲೇ ಕೂತಿದ್ದೆ. ನೀವು ಅವಳಿಗೆ ಹೇಳಿದ್ದು ಎಲ್ಲಾ ಕೇಳಿಸ್ಕೊಂಡಿದ್ದೀನಿ. ನಂಗೆ ಯಾವಾಗ ಹೇಳ್ತೀರ ಅಂತ ವೇಯ್ಟ್ ಮಾಡ್ತಿದ್ದೆ."

ಊರ್ಮಿಳಾ ನೀರಿನ ಬಾಟಲಿಯನ್ನು ಹುಡುಗಿಯ ಕೈಗೆ ಕೊಟ್ಟಳು. ವಿಭಾ ಕುಡಿದು, ಎದ್ದು, ಸರ್ವ್ ಮಾಡಲು ಹಿಂದಿನ ಗೆರೆಗೆ ಹೋಗಿ ನಿಂತಳು. ಚೆಂಡು ಎಡಗೈಯಲ್ಲಿತ್ತು, ರ‍್ಯಾಕೆಟ್ಟು ಕೆಳಗಿಳಿದು ಸುಮ್ಮನಿತ್ತು.

ಟಕ್ ಟಕ್.

ಕೋರ್ಟಿನಲ್ಲಿ ವಿಭಾ ಚೆಂಡು ಎಸೆಯಲು ಎತ್ತಿದ್ದ ಕೈಯನ್ನು ಇಳಿಸಿದಳು. ತನ್ನ ಎಡಪಕ್ಕಕ್ಕೆ, ಯಾರೂ ಇಲ್ಲದ ಕಡೆಗೆ ತಿರುಗಿ, ಜೊತೆಯವಳು ಶೂ ಕಟ್ಟಿಕೊಳ್ಳುವ ತನಕ ನಿಲ್ಲುವವರ ಹಾಗೆ ನಿಂತಳು. ಮತ್ತೊಂದು ಟಕ್ ಬಂತು. ಆಮೇಲೆ ವಿಭಾ ಚೆಂಡು ಎಸೆದು ಎಡಕ್ಕೆ ಹೊಡೆದಳು.